ಬಾವಿಯಿಂದ ಒಂದು ಕೊಡ ನೀರಿಗೆ ಎಷ್ಟು ಜೌಲ್? ಮೂರನೇ ವಾರ

ಬಾವಿಯಿಂದ ಒಂದು ಕೊಡ ನೀರು ಸೇದಲು ಕೈ ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆಯುತ್ತಿದ್ದೇನೆ; ಜೌಲ್ ಎಂದರೆ ಕೆಲಸದ ಅಳತೆ, ಬಲವನ್ನು ದೂರದಿಂದ ಗುಣಿಸಿದ್ದು. ಕಳೆದ ವಾರ ಬರೆದಿಟ್ಟ 970 ಜೌಲಿನ ಲೆಕ್ಕ ತಪ್ಪು. ತಪ್ಪನ್ನು ಹಿಡಿದುಕೊಟ್ಟವರು ಅಮ್ಮ.

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಬಾವಿಯಲ್ಲಿ ಈಗ ಗಡಗಡೆಯಿಂದ ನೀರಿಗೆ 9 ಮೀಟರ್. ತುಂಬಿದ ತಾಮ್ರದ ಕೊಡಪಾನ 12 ಕೆಜಿ ತೂಗುತ್ತದೆ, ಅಂದರೆ 9.8ರಿಂದ ಗುಣಿಸಿದರೆ 117.6 ನ್ಯೂಟನ್ ಬಲ. 9 ಮೀಟರ್ ಎತ್ತಲು 1,058.4 ಜೌಲ್ ಕೆಲಸ. ಹಗ್ಗವನ್ನೂ ಬಿಡುವಂತಿಲ್ಲ. ಒದ್ದೆ ಹಗ್ಗ ಮೀಟರಿಗೆ 200 ಗ್ರಾಂ. ಸೇದಿದಷ್ಟೂ ಒಳಗೆ ತೂಗುವ ಹಗ್ಗ ಕಮ್ಮಿಯಾಗುತ್ತ ಬರುತ್ತದೆ. ಹಾಗಾಗಿ 1.8 ಕೆಜಿಯನ್ನು ಸರಾಸರಿ 4.5 ಮೀಟರ್ ಎತ್ತಿದಂತೆ: 79.4 ಜೌಲ್. ಒಟ್ಟು ಸುಮಾರು 1,138.

ಕೈ ಮಾಡುವ ಕೆಲಸ ಇದಕ್ಕಿಂತ ಹೆಚ್ಚೇ ಇರಬೇಕು, ಗಡಗಡೆಯ ಘರ್ಷಣೆ ಇದೆಯಲ್ಲ. ಅಡಿಕೆ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿಯನ್ನು ಹಗ್ಗಕ್ಕೆ ಸಿಕ್ಕಿಸಿ, ಮೀಟರಿಗೊಂದು ಕೆಂಪು ದಾರ ಕಟ್ಟಿ, ಪ್ರತಿ ದಾರದ ಹತ್ತಿರ ನಿಲ್ಲಿಸಿ ಅಂಕಿ ಬರೆದುಕೊಂಡೆ. 11.8ರಿಂದ 10.2 ಕೆಜಿವರೆಗೆ. ಲೆಕ್ಕ ಹಾಕಿದರೆ 970 ಜೌಲ್! ಎತ್ತಲು ಬೇಕಾದಷ್ಟೂ ಇಲ್ಲ. ಎರಡು ದಿನ ತಕ್ಕಡಿಯನ್ನೇ ಅನುಮಾನಿಸಿದೆ.

ಅಮ್ಮ ಹಗ್ಗ ಹಿಡಿದು ನೋಡಿ, "ನಿಲ್ಲಿಸಿದ್ರೆ ಕೈಗೆ ಹಗುರ ಆಗ್ತದೆ ಮಾರಾಯ, ಗಡಗಡೆ ಹಿಡ್ಕೊಳ್ತದಲ್ಲ. ಎಳೀವಾಗ ನೋಡು" ಅಂದರು.

ಅದೇ ವಿಷಯ. ಘರ್ಷಣೆ ಯಾವಾಗಲೂ ಚಲನೆಗೆ ಎದುರು. ಸೇದುವಾಗ ನನ್ನ ವಿರುದ್ಧ. ನಿಲ್ಲಿಸಿದಾಗ ಕೊಡ ಕೆಳಕ್ಕೆ ಜಾರಲು ನೋಡುತ್ತದೆ, ಆಗ ಅದೇ ಘರ್ಷಣೆ ನನ್ನ ಕಡೆಗೆ. ನಾನು ಬರೆದುಕೊಂಡಿದ್ದು ಕೆಲಸವೇ ನಡೆಯದ ಹೊತ್ತಿನ ಬಲ. ನಲವತ್ತು ವರ್ಷ ನೀರು ಸೇದಿದ ಕೈಗೆ ಅದು ಮೊದಲೇ ಗೊತ್ತಿತ್ತು.

ಈ ಭಾನುವಾರ ಅಮ್ಮ ನಿಧಾನಕ್ಕೆ ಒಂದೇ ಸಮ ಎಳೆದರು, ನಾನು ಮೊಬೈಲಿನಲ್ಲಿ ತಕ್ಕಡಿಯ ವಿಡಿಯೊ ತೆಗೆದೆ. ಶುರುವಿನಲ್ಲಿ 16.5, ಕೊನೆಗೆ 14.4 ಕೆಜಿ. ಸರಾಸರಿ 15.45, ಕೆಲಸ 1,363 ಜೌಲ್. 225 ಜೌಲ್ ಗಡಗಡೆಯ ಪಾಲು. ಅಚ್ಚಿನ ತುಕ್ಕು ಉಜ್ಜಿ ಗ್ರೀಸ್ ಹಾಕಿದ ಮೇಲೆ ಶುರುವಿನಲ್ಲಿ 15.2, ಕೊನೆಗೆ 13.2 ಕೆಜಿ: 1,252 ಜೌಲ್. ಕೊಡಕ್ಕೆ 111 ಜೌಲ್ ಉಳಿತಾಯ. ಅಮ್ಮನಿಗೆ ಮೊದಲ ಕೊಡದಲ್ಲೇ ಗೊತ್ತಾಯಿತು.

ಮೇ ಹೊತ್ತಿಗೆ ನೀರು 12 ಮೀಟರಿಗೆ ಇಳಿದರೆ ಕೊಡಪಾನದ ಕೆಲಸ ಮೂರನೇ ಒಂದರಷ್ಟು ಹೆಚ್ಚುತ್ತದೆ. ಹಗ್ಗದ್ದು ಆಳದ ವರ್ಗದಂತೆ (ಆಳ × ಆಳ) ಏರಿ 79ರಿಂದ 141 ಜೌಲ್ ಆಗಬೇಕು. ಅದನ್ನು ಅಳೆಯಲು ಹಗ್ಗಕ್ಕೆ ಇನ್ನೂ ಮೂರು ಕೆಂಪು ದಾರ ಕಟ್ಟಿಟ್ಟಿದ್ದೇನೆ.