ಲಾರಾ ಆರ್‌ಎಸ್‌ಗೆ ಗಟ್ಟಿ ಬುಶ್: ಗಿರಿ ಇಳಿಜಾರಿನಿಂದ ಶುರುವಾದ ಕೆಲಸ

ಓಡೋಮೀಟರ್‌ನಲ್ಲಿ 1,08,420 ಕಿ.ಮೀ.

ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ಏನೂ ತೊಂದರೆ ಇಲ್ಲ. ಇಳಿಯುವಾಗಲೇ ಗೊತ್ತಾಗುವುದು. ತಿರುವಿಗೆ ಮೊದಲು ಬ್ರೇಕ್ ಒತ್ತಿದರೆ ಕಾರಿನ ಮೂತಿ ಒಂದು ಬೆರಳಿನಷ್ಟು ಎಡಕ್ಕೆ ಸರಿಯುತ್ತದೆ. ಕಾಲು ತೆಗೆದ ಕೂಡಲೇ ತನ್ನ ಜಾಗಕ್ಕೆ ಬರುತ್ತದೆ. ಹಂಪ್ ದಾಟುವಾಗ ಎಡ ಮುಂಚಕ್ರದ ಹತ್ತಿರ 'ಟೊಕ್' ಅಂತ ಸದ್ದು. ಮುಂದಿನ ಟೈರುಗಳ ಒಳಅಂಚು ಹೊರಅಂಚಿಗಿಂತ ಜಾಸ್ತಿ ಸವೆದಿದೆ.

ಕಾರು 2012ರ ಸ್ಕೋಡಾ ಲಾರಾ ಆರ್‌ಎಸ್. 1.8 ಟಿಎಸ್‌ಐ ಪೆಟ್ರೋಲ್, 160 ಪಿಎಸ್, ಆರು ಗೇರು. ನೋಡಲು ಮನೆಮಂದಿ ಕಾರು, ಓಡಿಸಿದರೆ ಸ್ಪೋರ್ಟ್ಸ್ ಕಾರು. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯಿತು. ಗೌರವ್ ಗಿಲ್ ಸ್ಕೋಡಾ ಫೇಬಿಯಾ ಆರ್5 ಓಡಿಸಿದ್ದನ್ನು ಬೇಲಿ ಪಕ್ಕ ನಿಂತು ನೋಡಿದ್ದೆ. ಸ್ಕೋಡಾ ಹುಚ್ಚು ಹಿಡಿದದ್ದು ಅಲ್ಲಿಂದ. ಈ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ.

1,08,455 ಕಿ.ಮೀ.

ಭಾನುವಾರ ಜಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ ಕೆಳಗೆ ಮಲಗಿದೆ. ಉದ್ದದ ಟಾಮಿ (ಮೀಟುವ ಕಬ್ಬಿಣದ ಸರಳು) ಇಟ್ಟು, ಚಕ್ರವನ್ನು ಕಾರಿನ ತಳಕ್ಕೆ ಜೋಡಿಸುವ ಎಡಗಡೆ ಲೋವರ್ ಆರ್ಮ್ ಮೀಟಿದರೆ, ಅದರ ಹಿಂದಿನ ಬುಶ್, ಅಂದರೆ ಆರ್ಮ್ ಕೂರುವ ಕಡೆಯ ರಬ್ಬರ್ ಬಳೆ, ಬಾಯಿ ಬಿಡುತ್ತಿದೆ. ರಬ್ಬರ್ ಅರ್ಧ ಸುತ್ತು ಸೀಳಿದೆ. ಮುಂದಿನ ಚಿಕ್ಕ ಬುಶ್ ಕೂಡ ಒಳಗಿನ ಕಬ್ಬಿಣದ ಕೊಳವೆಯಿಂದ ಬಿಟ್ಟುಕೊಂಡಿದೆ.

ಇದು ನನಗೆ ನಿಜವಾಗಿ ಬೇಜಾರು ತಂದಿತು. ಆ ಮುಂದಿನ ಬುಶ್ ಹಾಕಿಸಿ ಇನ್ನೂ ಹತ್ತು ತಿಂಗಳಾಗಿಲ್ಲ. ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದು. ಲಿಫ್ಟ್ ಮೇಲೆ ಚಕ್ರ ಜೋತು ಬಿದ್ದಿರುವಾಗಲೇ ಬೋಲ್ಟ್ ಬಿಗಿ ಮಾಡಿದ್ದರು. ನಾನೂ ಅಲ್ಲೇ ನಿಂತಿದ್ದೆ, ಆಗ ಅರ್ಥವಾಗಲಿಲ್ಲ.

ರಬ್ಬರ್ ಬುಶ್ ಬೇರಿಂಗ್ ಥರ ತಿರುಗುವುದಿಲ್ಲ. ರಬ್ಬರ್ ಒಳಕೊಳವೆಗೆ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದ ಮೇಲೆ ಒಳಕೊಳವೆ ಅಲ್ಲಾಡದೆ ನಿಲ್ಲುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಹೋದರೆ ರಬ್ಬರ್ ತಿರುಚಿಕೊಳ್ಳುತ್ತದೆ, ಅಷ್ಟೇ. ಚಕ್ರ ಜೋತಾಡುವಾಗ ಬಿಗಿ ಮಾಡಿದರೆ, ಕಾರು ನೆಲಕ್ಕೆ ಇಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ಕೂತಿರುತ್ತದೆ. ರಾತ್ರಿ ಶೆಡ್‌ನಲ್ಲಿ ನಿಂತಾಗಲೂ ಅದಕ್ಕೆ ವಿಶ್ರಾಂತಿ ಇಲ್ಲ. ಮಲೆನಾಡಿನ ಗುಂಡಿಗಳಲ್ಲಿ ಹರಿಯದೆ ಇನ್ನೇನಾದೀತು?

1,08,610 ಕಿ.ಮೀ.

ಹೇಗೂ ಬದಲಾಯಿಸಬೇಕು, ಗಟ್ಟಿಯಾದದ್ದೇ ಹಾಕೋಣ ಅಂತ ಮನಸ್ಸು. ಆದರೆ ಎಲ್ಲಿ ಗಟ್ಟಿ ಬೇಕು ಅನ್ನುವುದು ಮುಖ್ಯ ಅಲ್ವಾ?

ಲೋವರ್ ಆರ್ಮ್ ಅಂದರೆ ಮೂರು ಮೂಲೆಯ ಒಂದು ತಗಡು ಅಂದುಕೊಳ್ಳಿ. ಹೊರಮೂಲೆಯಲ್ಲಿ ಬಾಲ್ ಜಾಯಿಂಟ್, ಅದಕ್ಕೆ ಚಕ್ರ. ಒಳಗಿನ ಎರಡು ಮೂಲೆಗೆ ಎರಡು ಬುಶ್. ತಿರುವಿನಲ್ಲಿ ಪಕ್ಕಕ್ಕೆ ಬೀಳುವ ಭಾರವನ್ನು ಹೆಚ್ಚಾಗಿ ಹೊರುವುದು ಮುಂದಿನ ಚಿಕ್ಕ ಬುಶ್. ಬ್ರೇಕ್ ಹಾಕಿದಾಗ, ಗುಂಡಿಗೆ ಬಿದ್ದಾಗ ಚಕ್ರ ಹಿಂದಕ್ಕೆ ಹೋಗಲು ನೋಡುತ್ತದೆ. ಆಗ ಆರ್ಮ್ ಮುಂದಿನ ಬುಶ್ಶನ್ನೇ ಕೀಲು ಮಾಡಿಕೊಂಡು ಬಾಗಿಲಿನ ಹಾಗೆ ತಿರುಗುತ್ತದೆ. ಅದನ್ನು ತಡೆಯುವುದು ಹಿಂದಿನ ದೊಡ್ಡ ಬುಶ್. ಕಂಪನಿಯವರು ಅದರ ರಬ್ಬರಿನಲ್ಲಿ ಬೇಕಂತಲೇ ಖಾಲಿ ಜಾಗ ಬಿಟ್ಟಿದ್ದಾರೆ. ಚಕ್ರ ಸ್ವಲ್ಪ ಹಿಂದೆ ಸರಿದರೆ ಗುಂಡಿಯ ಏಟು ಒಳಗೆ ಕೂತವರಿಗೆ ಕಡಿಮೆ ತಾಗುತ್ತದೆ. ಅದಕ್ಕೆ ಬೆಲೆ ಎಂದರೆ ಬ್ರೇಕ್ ಹಾಕಿದಾಗ ಚಕ್ರದ ದಿಕ್ಕು ಸ್ವಲ್ಪ ಬದಲಾಗುತ್ತದೆ. ಒಂದು ಕಡೆ ಹರಿದಿದ್ದರೆ ನನ್ನ ಕಾರಿನ ಹಾಗೆ ಒಂದೇ ಕಡೆಗೆ ಎಳೆಯುತ್ತದೆ.

ರಬ್ಬರ್ ಬದಲು ಪಾಲಿಯುರೆಥೇನ್ (ಪಾಲಿ) ಅನ್ನುವ ಗಟ್ಟಿ ಪ್ಲಾಸ್ಟಿಕ್ ಥರದ ಬುಶ್ ಬಗ್ಗೆ ತುಂಬ ಯೋಚಿಸಿದೆ. ಅದರ ಗಟ್ಟಿತನವನ್ನು ಶೋರ್ ಎ ಅಳತೆಯಲ್ಲಿ ಹೇಳುತ್ತಾರೆ. ರಸ್ತೆಗೆ 80ರ ಆಸುಪಾಸು, ಟ್ರ್ಯಾಕ್‌ಗೆ 95. ಒಳಕೊಳವೆಗೆ ಅಂಟಿರುವುದಿಲ್ಲ, ಅದರ ಮೇಲೆ ತಿರುಗುತ್ತದೆ. ಹಾಗಾಗಿ ತಿರುಚಿ ಹರಿಯುವ ಮಾತಿಲ್ಲ. ಆದರೆ ಸಿಲಿಕೋನ್ ಗ್ರೀಸ್ ಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಮಳೆ, ಕೆಸರು ಅದನ್ನು ತೊಳೆದುಬಿಟ್ಟರೆ ಕಿರ್ರೋ ಅನ್ನುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಬಿಚ್ಚಿ ಗ್ರೀಸ್ ತುಂಬಲು ನಾನು ತಯಾರಿಲ್ಲ.

ಮಧ್ಯದ ದಾರಿ ಸಿಕ್ಕಿತು. ಈ ಕಾರಿನ ತಳ ಪಿಕ್ಯೂ35, ಫೋಕ್ಸ್‌ವ್ಯಾಗನ್ ಬಳಗದ ಹಲವು ಕಾರುಗಳು ಹಂಚಿಕೊಂಡ ಪ್ಲಾಟ್‌ಫಾರ್ಮ್. ಗಾಲ್ಫ್ ಮಾರ್ಕ್ 5, ಎರಡನೇ ತಲೆಮಾರಿನ ಆಡಿ ಟಿಟಿ ಎಲ್ಲ ಅದೇ ಬಳಗ. ಟಿಟಿಯ ಲೋವರ್ ಆರ್ಮ್‌ನ ಹಿಂದಿನ ಬುಶ್, ನಮ್ಮ ಕಾರಿನಲ್ಲಿ ಆ ಬುಶ್ ಹಿಡಿದಿಡುವ ಬ್ರಾಕೆಟ್‌ಗೆ ಕೂರುತ್ತದೆ, ಆದರೆ ಖಾಲಿ ಜಾಗ ಇಲ್ಲ, ಇಡೀ ರಬ್ಬರ್. ಅದನ್ನೇ ತರಿಸಿದೆ. ಮುಂದಿನದಕ್ಕೆ ಕಂಪನಿಯದೇ ಬುಶ್.

1,08,790 ಕಿ.ಮೀ.

ಕೆಲಸದ ದಿನ. ಊರಿನ ಗ್ಯಾರೇಜಿನ ಮೇಸ್ತ್ರಿ ಅರವತ್ತು ದಾಟಿದವರು. ಜೀಪು, ಅಂಬಾಸಿಡರ್ ಕಾಲದಿಂದ ಕೈ ಪಳಗಿದ ಮನುಷ್ಯ. ಪ್ರೆಸ್ ಅವರ ಹತ್ತಿರ ಇದೆ. ಬುಶ್ ತಳ್ಳಲು ಸರಿಯಾದ ಅಳತೆಯ ಬಳೆ ಇರಲಿಲ್ಲ. ಹಿಂದಿನ ದಿನ ಲೇತ್ ಅಂಗಡಿಯಲ್ಲಿ ಎರಡು ಬಳೆ ಕಡೆಸಿಕೊಂಡು ಬಂದಿದ್ದೆ.

ಮೊದಲು ಕಾರು ಸಮ ನೆಲದ ಮೇಲೆ ನಿಂತಿರುವಾಗಲೇ ಹಬ್‌ನ (ಚಕ್ರ ಕೂರುವ ಭಾಗದ) ನಡುವಿನಿಂದ ಚಕ್ರದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದೆ. ಎಡಕ್ಕೆ 361 ಮಿ.ಮೀ., ಬಲಕ್ಕೆ 364. ಇದು ಗೊತ್ತಿಲ್ಲದೆ ಬಿಚ್ಚಲೇಬೇಡಿ.

ಬ್ರಾಕೆಟ್ ಬೋಲ್ಟು ಸಡಿಲ ಮಾಡಿದರೆ, ಆರ್ಮ್‌ಗಳನ್ನು ಹೊತ್ತ ತಳದ ಚೌಕಟ್ಟು, ಅಂದರೆ ಸಬ್‌ಫ್ರೇಮ್, ಜರುಗಬಹುದು. ಅದಕ್ಕೇ ಬಿಳಿ ಪೇಂಟ್‌ನಲ್ಲಿ ಸುತ್ತ ಗೆರೆ ಎಳೆದು, ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆ ಮುಟ್ಟಿದೆವು. ಬಾಲ್ ಜಾಯಿಂಟ್ ಆರ್ಮ್‌ಗೆ ಮೂರು ನಟ್‌ನಲ್ಲಿ ಕೂತಿರುತ್ತದೆ. ಅದಕ್ಕೂ ಗುರುತು. ಸುತ್ತಿಗೆ ಏಟು ಹಾಕುವ ಅಗತ್ಯವೇ ಬರಲಿಲ್ಲ.

ಹಳೆ ಬುಶ್ ಹೊರಗೆ ಬರಲು ಹಟ ಮಾಡಿತು. ಪ್ರೆಸ್ ಹ್ಯಾಂಡಲ್ ಒತ್ತಿದಷ್ಟೂ ಮೌನ, ಆಮೇಲೆ ಗುಂಡು ಹೊಡೆದ ಹಾಗೆ ಒಂದೇ ಸದ್ದು. ಹೊಸದಕ್ಕೆ ನಾನು ಎಣ್ಣೆ ಡಬ್ಬಿಗೆ ಕೈ ಹಾಕಿದೆ.

"ಎಣ್ಣೆ ಬೇಡ ಕಣಪ್ಪ. ರಬ್ಬರ್ ಉಬ್ಬುತ್ತೆ. ಸೋಪಿನ ನೀರು ಹಚ್ಚು" ಅಂದರು ಮೇಸ್ತ್ರಿ.

ಸೋಪಿನ ನೀರಿಗೆ ನಯವಾಗಿ ಒಳಗೆ ಹೋಯಿತು. ಹಳೆಯದು ಯಾವ ಕೋನದಲ್ಲಿ ಕೂತಿತ್ತೋ ಅದೇ ಕೋನದಲ್ಲಿ.

ಬೋಲ್ಟುಗಳೆಲ್ಲ ಹೊಸವು. ಇವು ಬಿಗಿ ಮಾಡುವಾಗ ಹಿಗ್ಗುವ ಜಾತಿ, ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ. ಎಲ್ಲವನ್ನೂ ಕೈಬಿಗಿ ಮಾಡಿ ನಿಲ್ಲಿಸಿದೆವು. ಆಮೇಲೆ ಹಬ್ ಕೆಳಗೆ ಜಾಕಿ ಕೊಟ್ಟು, ಟೇಪ್ ಹಿಡಿದು ಎತ್ತಿದೆವು. ಎಡಕ್ಕೆ 361 ಬಂದಾಗ, ಅಂದರೆ ಕಾರು ನೆಲದ ಮೇಲೆ ನಿಂತ ಎತ್ತರಕ್ಕೇ ಬಂದಾಗ ನಿಲ್ಲಿಸಿ, ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ, ಆಮೇಲೆ ಕಂಪನಿ ಹೇಳಿದಷ್ಟು ಕೋನ ತಿರುಗಿಸಿದೆವು. ಇಡೀ ಕೆಲಸದಲ್ಲಿ ನನಗೆ ಅತಿ ಸಮಾಧಾನ ಕೊಟ್ಟ ನಿಮಿಷ ಅದು. ಬಲಗಡೆಗೆ ಅರ್ಧ ಹೊತ್ತು ಸಾಕಾಯಿತು.

1,08,812 ಕಿ.ಮೀ.

ವೀಲ್ ಅಲೈನ್‌ಮೆಂಟ್ ಆಯಿತು. ಟೋ (ಮುಂಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸರಿಮಾಡಿದರು. ಕ್ಯಾಂಬರ್ (ಚಕ್ರ ನೆಟ್ಟಗೆ ನಿಲ್ಲದೆ ವಾಲಿರುವ ಅಳತೆ) ಎರಡೂ ಕಡೆ ಒಂದೇ ಥರ ಇದೆ. ಪೇಂಟ್ ಗೆರೆ ಕೆಲಸ ಮಾಡಿದೆ.

1,08,930 ಕಿ.ಮೀ.

ಬೆಳಿಗ್ಗೆ ಐದೂವರೆಗೆ ಹೊರಟು ಮೂಡಿಗೆರೆ ಹ್ಯಾಂಡ್‌ಪೋಸ್ಟ್ ದಾಟಿ ಕೊಟ್ಟಿಗೆಹಾರದವರೆಗೆ ಹೋಗಿ ಬಂದೆ. ಮಂಜು ಇತ್ತು, ರಸ್ತೆ ಒಣಗಿತ್ತು. ಬ್ರೇಕ್ ಒತ್ತಿದರೆ ಕಾರು ನೇರವಾಗಿಯೇ ವೇಗ ತಗ್ಗಿಸುತ್ತದೆ, ಮೂತಿ ಎಲ್ಲೂ ಹೋಗುವುದಿಲ್ಲ. ಸ್ಟೇರಿಂಗ್ ತಿರುಗಿಸಿದ್ದಕ್ಕೂ ಕಾರು ತಿರುಗಿದ್ದಕ್ಕೂ ನಡುವೆ ಇದ್ದ ಆ ಸಣ್ಣ ಕಾಯುವಿಕೆ ಹೋಗಿದೆ. ಉದ್ದದ ತಿರುವಿನಲ್ಲಿ ಮೊದಲು ಎರಡು ಮೂರು ಸಲ ಸರಿಪಡಿಸಿಕೊಳ್ಳುತ್ತಿದ್ದೆ. ಈಗ ಒಮ್ಮೆ ಹಿಡಿದರೆ ಸಾಕು.

ಕಳೆದುಕೊಂಡದ್ದೂ ಇದೆ. ಚೂಪು ಅಂಚಿನ ಗುಂಡಿ, ರಸ್ತೆ ಮಧ್ಯದ ಕ್ಯಾಟ್ಸ್ ಐ ಇವೆಲ್ಲ ಮೊದಲಿಗಿಂತ ಸ್ಪಷ್ಟವಾಗಿ ಕೈಗೆ ತಿಳಿಯುತ್ತವೆ. ನೀರುದೋಸೆ ತಿಂದು ವಾಪಸ್ ಬರುವಾಗ ಪಕ್ಕದಲ್ಲಿ ಕೂತಿದ್ದ ಅಪ್ಪನನ್ನು ಕೇಳಿದೆ. "ಏಟು ಸ್ವಲ್ಪ ಜಾಸ್ತಿ ಕೇಳುತ್ತೆ ಮಗ, ಆದರೆ ಸೊಂಟಕ್ಕೆ ತಾಗಲ್ಲ" ಅಂದರು. ಅಷ್ಟಾದರೆ ನನಗೆ ಒಪ್ಪಿಗೆ.

1,09,640 ಕಿ.ಮೀ.

ಹಿಂಚಕ್ರವನ್ನು ಮುಂದಿನಿಂದ ಹಿಡಿದಿಡುವ ಟ್ರೇಲಿಂಗ್ ಆರ್ಮ್‌ಗೂ ಪಾಲಿ ಬುಶ್ ಹಾಕಿಬಿಡು ಅಂತ ಒಬ್ಬ ಗೆಳೆಯ ಹೇಳುತ್ತಿದ್ದಾನೆ. ನಾನು ಹಾಕುತ್ತಿಲ್ಲ. ಆ ಬುಶ್ ಮೇಲೆ ಕೆಳಗೆ ತಿರುಗುವುದು ಮಾತ್ರವಲ್ಲ, ಉಳಿದ ಲಿಂಕ್‌ಗಳು ಚಕ್ರವನ್ನು ಎಳೆದ ಹಾಗೆ ಅಡ್ಡಕ್ಕೂ ವಾಲಬೇಕು. ಅಲ್ಲಿ ಗಟ್ಟಿ ಪಾಲಿ ತುರುಕಿದರೆ ಸಸ್ಪೆನ್ಷನ್ ಸಲೀಸಾಗಿ ಆಡುವುದಿಲ್ಲ, ಬಿಗಿದುಕೊಳ್ಳುತ್ತದೆ. ಒದ್ದೆ ರಸ್ತೆಯ ಇಳಿಜಾರಿನಲ್ಲಿ ಹಿಂಚಕ್ರದ ಹಿಡಿತ ನನಗೆ ಬೇಕು. ಹಳೆ ರಬ್ಬರ್ ಪರೀಕ್ಷಿಸಿದೆ, ಬಿರುಕಿಲ್ಲ. ಹಾಗೇ ಇರಲಿ.

'ಟೊಕ್' ಸದ್ದು ಪೂರ್ತಿ ಹೋಗಿಲ್ಲ. ತುಂಬ ಕಡಿಮೆಯಾಗಿದೆ, ಒಂದು ಚಕ್ರ ಮಾತ್ರ ಹಂಪ್ ಹತ್ತಿದಾಗ ಕೇಳುತ್ತದೆ. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸ್ಟೆಬಿಲೈಜರ್ ಸರಳಿನ ಎಡಗಡೆ ಲಿಂಕ್ ರಾಡ್ ಹಿಡಿದು ಅಲ್ಲಾಡಿಸಿದರೆ ಆಟ ಇದೆ. ಎರಡೂ ಕಡೆಯದನ್ನು ತರಿಸಿದ್ದೇನೆ. ಬರುವ ಭಾನುವಾರ ಮಳೆ ಬಿಟ್ಟರೆ ಹಾಕುತ್ತೇನೆ.