‘ಖರೇನೇ ಆರಾಮ ಇದ್ದೀರೇನು?’ ಅಂತ ಕೇಳುವವರಿಗೆ

ಬೆಂಗಳೂರಿನಿಂದ ನಾದಿನಿ ಫೋನ್ ಮಾಡುತ್ತಾಳೆ. ‘ವೈನಿ, ಆರಾಮ?’ ಅನ್ನುತ್ತಾಳೆ. ‘ಆರಾಮ ನೋಡವಾ’ ಅನ್ನುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮಾತಿರುವುದಿಲ್ಲ. ಆಮೇಲೆ ದನಿ ಇಳಿಸಿ, ‘ಖರೇನೇ ಆರಾಮ ಇದ್ದೀರೇನು?’ ಅಂತ ಮತ್ತೆ ಕೇಳುತ್ತಾಳೆ.

ಅವಳೊಬ್ಬಳೇ ಅಲ್ಲ. ಆಫೀಸಿಗೆ ಹಾಸನದ ಕಡೆಯಿಂದ ಹೊಸದಾಗಿ ಬಂದ ಹುಡುಗ ಕೇಳಿದ. ಮಗಳ ಗೆಳತಿಯ ತಾಯಿ ಕೇಳಿದರು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳಿದರು. ‘ಇಷ್ಟೆಲ್ಲ ಆದಮೇಲೂ ಯಾವಾಗ ಕೇಳಿದ್ರೂ ಆರಾಮ ಅಂತೀರಲ್ಲ, ಅದು ಹೇಗೆ?’ ಎದುರು ನಿಂತಾಗ ನನಗೆ ಉತ್ತರ ಹೊರಡುವುದಿಲ್ಲ. ನಕ್ಕು ಸುಮ್ಮನಾಗುತ್ತೇನೆ. ಈಗ ಮೇ ತಿಂಗಳು, ಮಧ್ಯಾಹ್ನ ಬಿಡುವಿದೆ. ಕೂತು ಬರೆಯುತ್ತಿದ್ದೇನೆ.

‘ಇಷ್ಟೆಲ್ಲ’ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಒಂದು ರಾತ್ರಿ ನಮ್ಮನೆಯವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಮಾತು ತೊದಲಿತು. ದಾಲ್ ಮಿಲ್ಲಿನಲ್ಲಿ ಮುನೀಮರಾಗಿ 22 ವರ್ಷ ಲೆಕ್ಕ ಬರೆದವರು ಪೆನ್ನು ಹಿಡಿಯದ ಹಾಗಾದರು. ಕೆಲಸ ಬಿಡಬೇಕಾಯಿತು. ಮನೆ ಸಾಲದ ಕಂತು ಇನ್ನೂ ಇದೆ. ಅತ್ತೆಗೆ 80 ದಾಟಿದೆ. ಮಗಳ ಓದು ಮುಗಿದಿಲ್ಲ. ಇಷ್ಟು.

ಕಲಬುರಗಿಯಲ್ಲಿ ‘ಆರಾಮ’ ಅನ್ನೋದು ದಿನಕ್ಕೆ ನೂರು ಸಲ ಬಾಯಿಗೆ ಬರುವ ಮಾತು. ಕನ್ನಡದವರೂ ಅನ್ನುತ್ತಾರೆ, ಉರ್ದು ಮಾತಾಡುವವರೂ ಅನ್ನುತ್ತಾರೆ, ಮರಾಠಿಯವರೂ ಅನ್ನುತ್ತಾರೆ. ಬೇರೆ ಕಡೆಯವರಿಗೆ ಆರಾಮ ಅಂದರೆ ಕಾಲು ಚಾಚಿ ಕೂರುವುದು, ಕೆಲಸವಿಲ್ಲದೆ ಇರುವುದು. ನಮಗೆ ಬರೀ ಅಷ್ಟೇ ಅಲ್ಲ. ‘ಅವರಿಗೆ ಆರಾಮಿಲ್ಲ’ ಅಂದರೆ ಮೈ ಹುಷಾರಿಲ್ಲ ಅಂತ. ‘ಆರಾಮಾಯ್ತು’ ಅಂದರೆ ವಾಸಿಯಾಯ್ತು ಅಂತ. ಇವರು ಆಸ್ಪತ್ರೆಯಲ್ಲಿದ್ದಷ್ಟು ದಿನ ಬಂದವರಿಗೆಲ್ಲ ‘ಆರಾಮಿಲ್ರೀ’ ಅಂತಲೇ ಹೇಳುತ್ತಿದ್ದೆವು. ಮನೆಗೆ ಕರೆತಂದ ದಿನ ಇಬ್ಬರು ತೋಳು ಹಿಡಿದು ಆಟೋದಿಂದ ಇಳಿಸಬೇಕಾಯಿತು. ಕೈ ಎತ್ತೋಕೆ ಬರುತ್ತಿರಲಿಲ್ಲ. ಬಾಯಿ ಒಂದು ಕಡೆ ವಾಲಿತ್ತು. ಅತ್ತೆ ಹೊಸ್ತಿಲಲ್ಲಿ ನಿಂತು ರೊಟ್ಟಿ ಚೂರು ನಿವಾಳಿಸಿ ಹೊರಗೆ ಒಗೆದರು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದರು, ‘ಆರಾಮಾಗಿ ಬಂದಾನ್ರೀ ನನ್ನ ಮಗ!’

ನಾನು ಅವತ್ತು ಬೇಜಾರು ಮಾಡಿಕೊಂಡಿದ್ದೆ. ಏನು ಆರಾಮ ಇದು ಅಂತ. ರಾತ್ರಿ ಅತ್ತೆ ಮಗನ ತಲೆ ಹತ್ತಿರ ಕೂತು ಅನ್ನ ಕಲಸಿ ತಿನ್ನಿಸುತ್ತಿದ್ದರು. ಅವರ ಮುಖ ನೋಡಿದಾಗ ಅವರು ಸುಳ್ಳು ಹೇಳಿರಲಿಲ್ಲ ಅಂತ ಗೊತ್ತಾಯಿತು. ಹೋದವನು ತಿರುಗಿ ಬಂದಿದ್ದಾನೆ, ಉಣ್ಣುತ್ತಿದ್ದಾನೆ. ಅವರ ಲೆಕ್ಕದಲ್ಲಿ ಅದು ಆರಾಮ. ನಾನು ಅವರ ಲೆಕ್ಕ ಕಲಿತದ್ದು ನಿಧಾನವಾಗಿ.

ಕೈಗೆ ವ್ಯಾಯಾಮ ಹೇಳಿಕೊಡಲು ಫಿಜಿಯೋಥೆರಪಿಯ ಹುಡುಗಿ ಬರುತ್ತಿದ್ದಳು. ಸಣ್ಣ ಕಾಳು ಹೆಕ್ಕಿ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಾಕಬೇಕು, ಯಾವುದಾದರೂ ನಡೆಯುತ್ತೆ ಅಂದಳು. ಇವರು ತೊಗರಿ ಬೇಳೆಯೇ ಬೇಕು ಅಂತ ಕೈಸನ್ನೆ ಮಾಡಿದರು. ಬೇಳೆಯನ್ನು ಅಂಗೈಯಲ್ಲಿ ಆಡಿಸಿ ಇದು ಯಾವ ಕಡೆಯ ಮಾಲು, ಎಷ್ಟು ಒಣಗಿದೆ ಅಂತ ಹೇಳುತ್ತಿದ್ದವರು ಅವರು. ಕರಿಮಣ್ಣಿನ ನಮ್ಮ ತೊಗರಿಯ ರುಚಿ ಬೇರೆ ಎಲ್ಲೂ ಇಲ್ಲ ಅಂತ ವಾದಕ್ಕೆ ಕೂರುತ್ತಿದ್ದರು. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಜಿಐ, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ತಾವೇ ಬೆಳೆದ ಹಾಗೆ ಮನೆಗೆ ಪೇಢೆ ತಂದಿದ್ದರು.

ಮೊದಲ ದಿನ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಮುಟ್ಟುತ್ತಲೇ ಇರಲಿಲ್ಲ. ಬೇಳೆ ಜಾರುತ್ತಿತ್ತು. ಮತ್ತೆ ಬೆರಳು ಹತ್ತಿರ ಹೋಗುತ್ತಿತ್ತು, ಮತ್ತೆ ಜಾರುತ್ತಿತ್ತು. ಒಂದು ಬೇಳೆ ಹೇಗೋ ಸಿಕ್ಕಿ ಸ್ಟೀಲ್ ತಟ್ಟೆಗೆ ಬಿದ್ದರೆ ‘ಟಣ್’ ಅಂತ ಸಣ್ಣ ಸದ್ದು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಬಡಿಯುವುದು ನಿಲ್ಲಿಸಿ ಆ ಸದ್ದು ಎಣಿಸುತ್ತಿದ್ದೆ. ಅರ್ಧ ಗಂಟೆಯಲ್ಲಿ ನಾಲ್ಕು. ಮರುದಿನ ಆರು. ಒಂದು ದಿನ ಒಂದೂ ಇಲ್ಲ. ಅವತ್ತು ತಟ್ಟೆಯೇ ಗೋಡೆಗೆ ಹೋಗಿ ಬಿತ್ತು. ನೆಲದ ತುಂಬ ಬೇಳೆ. ಯಾರೂ ಮಾತಾಡಲಿಲ್ಲ. ಮಗಳು ಪೊರಕೆ ತಂದಳು. ಅತ್ತೆ ಪೊರಕೆ ಬೇಡ ಅಂದು, ತಾವೇ ನೆಲಕ್ಕೆ ಕೂತು, ಒಂದೊಂದೇ ಆರಿಸತೊಡಗಿದರು. ಸ್ವಲ್ಪ ಹೊತ್ತಿಗೆ ಇವರೂ ಗೋಡೆ ಹಿಡಿದು ಕೆಳಗಿಳಿದು ತಾಯಿಯ ಪಕ್ಕ ಕೂತರು.

ಈಗ ದಿನಾ ಬೆಳಿಗ್ಗೆ ಒಂದು ಬಟ್ಟಲು ಬೇಳೆ ಆರಿಸುತ್ತಾರೆ. ವ್ಯಾಯಾಮಕ್ಕೆ ಶುರುವಾದದ್ದು ಮನೆಗೆಲಸವಾಯಿತು. ಹುಳುಕು, ಹೊಟ್ಟು ಬೇರೆ ಮಾಡಿ, ಒಳ್ಳೆಯದನ್ನು ನನ್ನ ಕೈಗೆ ಕೊಡುತ್ತಾರೆ. ಅದೇ ಬೇಳೆ ಪುಂಡಿ ಪಲ್ಯಕ್ಕೆ ಬೀಳುತ್ತದೆ, ಇಲ್ಲವೇ ಸಾರಿಗೆ. ಅವರ ಬೆರಳು ಮುಟ್ಟಿದ ಬೇಳೆ ಅಂತ ಗೊತ್ತಿದ್ದು ಉಣ್ಣುವಾಗ ನನಗೆ ಆಗುವ ತೃಪ್ತಿಯನ್ನು ಫೋನಿನಲ್ಲಿ ನಾದಿನಿಗೆ ಹೇಗೆ ಹೇಳಲಿ? ‘ಆರಾಮ ನೋಡವಾ’ ಅನ್ನುತ್ತೇನೆ.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಥ್ಯಾಂಕ್ಸ್ ಅನ್ನುವ ಅಭ್ಯಾಸ ಇಲ್ಲ. ಧನ್ಯವಾದ ಅನ್ನೋದು ಸಭೆಯ ಕೊನೆಯಲ್ಲಿ ಮೈಕ್ ಹಿಡಿದು ಹೇಳುವ ಮಾತು. ಮಗಳು ಕಾಲೇಜಿಗೆ ಹೋಗಲು ಶುರು ಮಾಡಿದ ಹೊಸದರಲ್ಲಿ ಅಜ್ಜಿ ನೀರು ಕೊಟ್ಟಾಗ ಥ್ಯಾಂಕ್ಸ್ ಅಂದಳು. ಅತ್ತೆಗೆ ನೋವಾಯಿತು. ‘ನಾ ಏನು ಹೊರಗಿನಾಕೀ ಏನವಾ?’ ಅಂದರು. ಹಾಗಂತ ಉಪಕಾರ ನೆನೆಯುವುದಿಲ್ಲ ಅಂತಲ್ಲ. ಬಾಯಲ್ಲಿ ಹೇಳುವುದಿಲ್ಲ, ಉಣ್ಣಲು ಕೊಡುತ್ತೇವೆ. ಪಕ್ಕದ ಮನೆಯಿಂದ ಪಲ್ಯ ಬಂದ ಬಟ್ಟಲು ಖಾಲಿ ವಾಪಸ್ ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ.

ಎಳ್ಳ ಅಮಾಸಿಯ ದಿನ ನಮ್ಮ ಕಡೆಯ ಹೊಲಗಳಿಗೆ ಬಂದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಚಿತ್ತಾಪುರ ತಾಲೂಕಿನಲ್ಲಿ ನಮ್ಮ ಮಾವನವರ ಎರಡು ಎಕರೆ ಇದೆ. ಮೊದಲು ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ, ಈಗ ಟಂಟಂ ಆಟೋದಲ್ಲಿ ಹೋಗುತ್ತೇವೆ. ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಹತ್ತಾರು ತರಕಾರಿ ಹಸಿಕಾಳು ಹಾಕಿ ಮಾಡಿದ ಭಜ್ಜಿ. ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡುತ್ತೇವೆ. ಆಮೇಲೆ ಬುಟ್ಟಿ ಹಿಡಿದು, ಎದೆಯೆತ್ತರ ನಿಂತ ಬಿಳಿಜೋಳದ ನಡುವೆ ನಡೆಯುತ್ತ, ಮಾಡಿದ್ದನ್ನೆಲ್ಲ ಕಲಸಿ ನೆಲಕ್ಕೆ ಚೆಲ್ಲುತ್ತೇವೆ. ಇದೇ ಚರಗ. ವರ್ಷವಿಡೀ ಉಣ್ಣಿಸಿದ ನೆಲಕ್ಕೆ ಮೊದಲ ತುತ್ತು. ಅದಾದಮೇಲೆ ದಾರಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಕೂರಿಸುತ್ತೇವೆ. ಕಳೆದ ಸಲ ಇವರು ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಡಗೈಯಲ್ಲಿ ಬುಟ್ಟಿ ಹಿಡಿದು, ಬಲಗೈಯಲ್ಲಿ ಚರಗ ಚೆಲ್ಲಿದರು. ದೂರ ಹೋಗಲಿಲ್ಲ, ಕಾಲ ಹತ್ತಿರವೇ ಬಿತ್ತು. ಸಾಕಲ್ವಾ?

ಆಸ್ಪತ್ರೆಯ ಹನ್ನೊಂದು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಆದರೂ ಒಂದು ಹೊತ್ತೂ ಉಪವಾಸ ಬೀಳಲಿಲ್ಲ. ಓಣಿಯವರು ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಬಟ್ಟೆಯಲ್ಲಿ ಕಟ್ಟಿ ಕಳಿಸುತ್ತಿದ್ದರು. ಹಿಂದಿನ ಮನೆಯ ಆಪಾ ಗುರುವಾರ ಖಾಜಾ ಬಂದೇನವಾಜ್ ದರ್ಗಾಕ್ಕೆ ಹೋಗಿ ಬೇಡಿಕೊಂಡು ಬಂದರು. ಅತ್ತೆ ಶರಣಬಸವೇಶ್ವರರಿಗೆ ಹರಕೆ ಹೊತ್ತರು. ಹೋಳಿ ಹುಣ್ಣಿಮೆಯಾದ ಐದನೇ ದಿನ ತೇರು ಎಳೆಯುವಾಗ ಆಪಾ ಕೂಡ ನಮ್ಮ ಜೊತೆ ಬಂದು ನಿಂತರು. ಯಾರ ಬೇಡಿಕೆ ಮುಟ್ಟಿತು ಅಂತ ನಮ್ಮಲ್ಲಿ ಯಾರೂ ಕೇಳಿಕೊಂಡಿಲ್ಲ.

ಇದೇ ಶರಣಬಸವೇಶ್ವರರು, ನಮ್ಮ ಶರಣಬಸಪ್ಪ, ಅರಳಗುಂಡಗಿಯಲ್ಲಿ ಹೊಲ ಕಾಯುವಾಗ ಹಕ್ಕಿಗಳನ್ನು ಓಡಿಸಲಿಲ್ಲ, ತೆನೆ ತಿನ್ನಲು ಬಿಟ್ಟು ಅವಕ್ಕೆ ಕುಡಿಯಲು ನೀರನ್ನೂ ಇಟ್ಟರು ಅಂತ ಕತೆ. ಅತ್ತೆ ಅದನ್ನು ಎಷ್ಟು ಸಲ ಹೇಳಿದ್ದಾರೋ. ಕಣ್ಣು ಮಂಜಾಗಿದೆ, ಆದರೂ ಬೆಳಿಗ್ಗೆ ಎದ್ದ ಕೂಡಲೇ ತಡಕಾಡಿಕೊಂಡು ಹೋಗಿ ಗೋಡೆ ಮೇಲಿನ ಮಣ್ಣಿನ ಬೋಗುಣಿಗೆ ನೀರು ತುಂಬುತ್ತಾರೆ. ಅವರಿಗೆ ಗುಬ್ಬಿ ಕಾಣುವುದಿಲ್ಲ. ರೆಕ್ಕೆ ಬಡಿದು ಸ್ನಾನ ಮಾಡುವ ಸದ್ದು ಕೇಳುತ್ತದೆ, ಅಷ್ಟೇ.

ಗೆಳತಿಯ ವಿಷಯ ಹೇಳದೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಹೈಸ್ಕೂಲಿನಿಂದ ಜೊತೆಯವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಇವರಿಗೆ ಲಕ್ವಾ ಹೊಡೆದ ಆ ರಾತ್ರಿ ಎರಡು ಗಂಟೆಗೆ ನಾನು ಫೋನ್ ಮಾಡಿದೆ. ಏನಾಯ್ತು ಅಂತಲೂ ಕೇಳಲಿಲ್ಲ. ‘ಎಲ್ಲಿದ್ದಿ?’ ಅಂದಳು. ಅರ್ಧ ಗಂಟೆಯಲ್ಲಿ ಸ್ಕೂಟಿ ಮೇಲೆ ಬಂದು ನಿಂತಳು. ಕೈಯಲ್ಲಿ ಕರ್ಚೀಫಿನಲ್ಲಿ ಗಂಟು ಕಟ್ಟಿದ 8,000 ರೂಪಾಯಿ. ಹೊಸ ಮಷೀನಿಗೆ ಅಂತ ಕೂಡಿಟ್ಟದ್ದು. ಆರು ತಿಂಗಳ ನಂತರ ವಾಪಸ್ ಕೊಟ್ಟಾಗ ಎಣಿಸದೆ ಪರ್ಸಿಗೆ ಹಾಕಿಕೊಂಡಳು.

ಆದರೆ ಅವಳಿಗೆ ನಾನು ಋಣಿಯಾಗಿರುವುದು ದುಡ್ಡಿಗಿಂತ ಬೇರೆಯದಕ್ಕೆ. ಅವಳು ನನಗೆ ಧೈರ್ಯ ಹೇಳುವುದಿಲ್ಲ. ಎಲ್ಲರೂ ಧೈರ್ಯ ಹೇಳಿ ಹೇಳಿ ನಾನು ಸೋತಿದ್ದೆ. ಇವಳು ವಾರಕ್ಕೆರಡು ಸಂಜೆ ಅಪ್ಪನ ಕೆರೆಯ ಹತ್ತಿರ ವಾಕಿಂಗಿಗೆ ಕರೆದುಕೊಂಡು ಹೋಗಿ ಯಾರ ಬ್ಲೌಸಿನ ತೋಳು ಎಷ್ಟುದ್ದ, ಸೂಪರ್ ಮಾರ್ಕೆಟ್ಟಿನಲ್ಲಿ ಲೈನಿಂಗ್ ಬಟ್ಟೆಗೆ ಎಷ್ಟು ರೇಟು ಆಗಿದೆ ಅಂತ ಮಾತಾಡುತ್ತಾಳೆ. ಒಂದು ಸಲ ನಡುವೆಯೇ ನನಗೆ ಅಳು ಬಂತು. ಅವಳು ಮಾತು ನಿಲ್ಲಿಸಿ, ಮಂಡಾಳ (ಮಂಡಕ್ಕಿ) ಒಗ್ಗರಣೆ, ಎರಡು ಮಿರ್ಚಿ ಭಜಿ ತಂದು ಕೈಗಿಟ್ಟಳು. ನಾನು ಅಳುತ್ತಲೇ ತಿಂದೆ. ಖಾರಕ್ಕೆ ಇನ್ನಷ್ಟು ಕಣ್ಣೀರು ಬಂತು. ಯಾವುದು ಯಾವುದರ ಕಣ್ಣೀರು ಅಂತ ಅವಳು ಕೇಳಲಿಲ್ಲ.

ಇನ್ನು ಬಿಸಿಲು. ಹಾಸನದ ಹುಡುಗನಿಗೆ ಇದೇ ದೊಡ್ಡ ಚಿಂತೆ. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಅದಕ್ಕೇ ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ಬೇರೆಯವರಿಗೆ ಅದು ಬಿಸಿಲಿನ ಕಷ್ಟದ ಗುರುತು. ನನಗೆ ವರ್ಷದಲ್ಲಿ ಎರಡು ತಿಂಗಳು ಮಧ್ಯಾಹ್ನದ ಊಟ ಮನೆಯವರ ಜೊತೆ. ಮಣ್ಣಿನ ರಂಜಣಿಗಿಯ ತಣ್ಣನೆ ನೀರು. ಕೂಲರಿನ ಮುಂದೆ ನಾಲ್ಕೂ ಜನ ಸಾಲಾಗಿ ಮಲಗುವುದು. ಮಗಳು ಅಜ್ಜಿಯ ಪಕ್ಕ ಮೊಬೈಲ್ ಹಿಡಿದು ಏನೋ ಓದಿ ಹೇಳುತ್ತಾಳೆ, ಅಜ್ಜಿ ನಡುವೆಯೇ ನಿದ್ದೆ ಹೋಗುತ್ತಾರೆ.

ಸಂಜೆ ಆರಕ್ಕೆ ಮಾಳಿಗೆ ಹತ್ತಿ ನೀರು ಹೊಡೆಯುತ್ತೇನೆ. ಶಹಾಬಾದ್ ಪರಸಿ ಕಲ್ಲು ಹಾಸಿದ ಮಾಳಿಗೆ. ಹಗಲೆಲ್ಲ ಕಾದಿರುತ್ತದೆ. ಮೊದಲ ಬಕೆಟ್ಟಿಗೆ ಚುರ್ ಅಂತ ಹಬೆ ಏಳುತ್ತದೆ, ನೋಡುನೋಡುತ್ತಿದ್ದ ಹಾಗೆ ಒಣಗಿಹೋಗುತ್ತದೆ. ಎರಡನೆಯದಕ್ಕೆ ಕಲ್ಲಿನ ಬಣ್ಣ ಗಾಢವಾಗುತ್ತದೆ. ಮೂರನೆಯದಾದಮೇಲೆ ಬರಿಗಾಲು ಇಡಬಹುದು. ಹಾಸಿಗೆ ಬಿಡಿಸಿ ಒಂದು ತಾಸು ಬಿಟ್ಟು ಮಲಗಿದರೆ ಗಾಳಿ ಶುರುವಾಗಿರುತ್ತದೆ. ಕಲ್ಲಿನ ಬಿಸಿ ಇನ್ನೂ ಬೆನ್ನಿಗೆ ತಾಗುತ್ತಿರುತ್ತದೆ. ಹೋದ ಎರಡು ಬೇಸಿಗೆ ಇವರಿಗೆ ಮೆಟ್ಟಿಲು ಹತ್ತಲು ಆಗಿರಲಿಲ್ಲ. ನಾವೂ ಕೆಳಗೇ ಮಲಗಿದ್ದೆವು. ಈ ಸಲ ಯುಗಾದಿಯಾದಮೇಲೆ ಒಂದು ರಾತ್ರಿ ಮಗಳ ಹೆಗಲು ಹಿಡಿದು, ಮೆಟ್ಟಿಲಿಗೊಂದು ಸಲ ನಿಂತು, ಹದಿನೆಂಟೂ ಹತ್ತಿದರು. ಮಲಗಿ ಆಕಾಶ ನೋಡಿದರು. ಬಹಳ ಹೊತ್ತಾದಮೇಲೆ ‘ಗಾಳಿ ಛಲೋ ಅದ’ ಅಂದರು. ಒಂದೂ ಅಕ್ಷರ ತೊದಲಲಿಲ್ಲ.

ಆರಾಮಿಲ್ಲದ ದಿನಗಳೂ ಇವೆ. ತಿಂಗಳ ಮೊದಲ ವಾರ ಕಂತು, ಔಷಧಿ, ಫೀಸು ಕೂಡಿಸುವಾಗ ನನಗೆ ನಿದ್ದೆ ಬರುವುದಿಲ್ಲ. ಅವತ್ತು ಯಾರಾದರೂ ಕೇಳಿದರೂ ಆರಾಮ ಅಂತಲೇ ಅನ್ನುತ್ತೇನೆ. ಮುಚ್ಚಿಡಬೇಕು ಅಂತ ಅಲ್ಲ. ಕೇಳುವವರು ಒಬ್ಬರಿದ್ದಾರೆ ಅನ್ನುವುದೇ ಎದೆಯ ಭಾರವನ್ನು ಒಂದಿಷ್ಟು ಇಳಿಸುತ್ತದೆ. ಇಳಿದಷ್ಟನ್ನು ನಾನು ಹೇಳುತ್ತೇನೆ. ಅದು ಸುಳ್ಳಲ್ಲ.

ಇಷ್ಟು ಬರೆಯುವಷ್ಟರಲ್ಲಿ ನಾಲ್ಕಾಯಿತು. ಒಳಗಿನಿಂದ ಇವರು ‘ಚಾ ಆಗ್ಯಾದ ನೋಡು’ ಅಂತ ಕೂಗಿದರು. ಹೋದ ವರ್ಷದಿಂದ ನಾಲ್ಕರ ಚಾ ಅವರದೇ. ಎಡಗೈಯಲ್ಲಿ ಸೋಸುತ್ತಾರೆ, ಒಂದಿಷ್ಟು ಕಟ್ಟೆಗೆ ಚೆಲ್ಲುತ್ತದೆ, ಆಮೇಲೆ ತಾವೇ ಒರೆಸುತ್ತಾರೆ. ಗೆಳತಿಯ ಡಬ್ಬಿ ಮೂರು ದಿನದಿಂದ ನನ್ನ ಅಡುಗೆಮನೆಯಲ್ಲೇ ಕೂತಿದೆ. ಸೋಮವಾರ ಅದರಲ್ಲಿ ಮಾದ್ಲಿ ಅನ್ನೋ ಸಿಹಿ ಬಂದಿತ್ತು. ಚಾ ಕುಡಿದು ಶೇಂಗಾ ಹುರಿಯಬೇಕು. ಬೆಳ್ಳುಳ್ಳಿ ಜಾಸ್ತಿ ಹಾಕಿ ಹಿಂಡಿ ಕುಟ್ಟಿದರೆ ಅವಳಿಗೆ ಇಷ್ಟ.