ಕಬ್ಬಿಣದ ಮಾತ್ರೆ ನುಂಗಿದರೂ ಎಚ್‌ಬಿ ಏರದಿದ್ದರೆ

ಕಾಫಿ ತೋಟಗಳ ನಡುವಿನ ಆರೋಗ್ಯ ಕೇಂದ್ರವೊಂದರಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಬಸುರಿಯರ ಎಚ್‌ಬಿ, ಅಂದರೆ ರಕ್ತದಲ್ಲಿನ ಹಿಮೋಗ್ಲೋಬಿನ್ ಪ್ರಮಾಣ, ನೋಡುವುದು ದಿನದ ಕೆಲಸ. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ದೊಡ್ಡಾಸ್ಪತ್ರೆ. ತಲೆ ಕೆಡಿಸುವುದು ತಾಯಿ ಕಾರ್ಡಿನಲ್ಲಿ ತಿಂಗಳುಗಟ್ಟಲೆ ಎಂಟರ ಆಸುಪಾಸಲ್ಲೇ ನಿಂತ ಅಂಕಿ.

'ಮಾತ್ರೆ ಸರಿಯಾಗಿ ತಗೊಳ್ಳಲ್ಲ' ಅಂತ ಹೆಂಗಸರನ್ನು ಬೈಯುವುದು ಸುಲಭ. ಲೈನ್ ಮನೆಯ ಅಕ್ಕ ಒಬ್ಬರು ಖಾಲಿ ಸ್ಟ್ರಿಪ್‌ಗಳನ್ನೇ ತಂದು ಮೇಜಿನ ಮೇಲಿಟ್ಟರು. "ಒಂದೂ ಬಿಟ್ಟಿಲ್ಲ ಮೇಡಂ." ಡಾಕ್ಟರು ಮಲ ಪರೀಕ್ಷೆ ಬರೆದರು. ಸ್ಲೈಡಿನ ತುಂಬ ಕೊಕ್ಕೆಹುಳುವಿನ ಮೊಟ್ಟೆ.

ಈ ಹುಳು ಮಗುವಿನ ಹತ್ತಿರ ಹೋಗುವುದಿಲ್ಲ. ತಾಯಿಯ ಸಣ್ಣ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಕೊಕ್ಕೆಹುಳುವಿನಲ್ಲೇ ನೆಕೇಟರ್ ಎಂಬ ಜಾತಿಯ ಒಂದು ಹುಳು ದಿನಕ್ಕೆ ಸುಮಾರು 0.03 ಮಿ.ಲೀ. ಹೀರುತ್ತದೆ, ಆಂಕೈಲೊಸ್ಟೋಮಾ ಎಂಬ ಇನ್ನೊಂದು ಜಾತಿ ಅದಕ್ಕಿಂತ ಎಷ್ಟೋ ಜಾಸ್ತಿ. ನೂರು ನೆಕೇಟರ್ ಇದ್ದರೂ ತಿಂಗಳಿಗೆ 90 ಮಿ.ಲೀ. ಹೋಯಿತು. ಮಗು ಬೆಳೆಯಲು ಕಬ್ಬಿಣ ಜಾಸ್ತಿ ಬೇಕಾದ ಹೊತ್ತಿನಲ್ಲೇ ಈ ಸೋರಿಕೆ. ತಾಯಿಯ ರಕ್ತ ತೀರಾ ತೆಳುವಾದರೆ ಮಾಸಿನ ಮೂಲಕ ಮಗುವಿಗೆ ಸಿಗುವ ಆಮ್ಲಜನಕವೂ ಕಡಿಮೆ. ಆಗ ಹೆರಿಗೆ ಬೇಗ ಆಗಬಹುದು, ಮಗುವಿನ ತೂಕ ಎರಡೂವರೆ ಕಿಲೋ ಮುಟ್ಟದೇ ಇರಬಹುದು.

ಲ್ಯಾಬಿನವರಿಗೆ ಒಂದು ಮಾತು. ಸ್ಯಾಂಪಲ್ ತಾಜಾ ಇರಬೇಕು. ರಾತ್ರಿಯಿಡೀ ಹೊರಗಿಟ್ಟದ್ದರಲ್ಲಿ ಮೊಟ್ಟೆ ಒಡೆದು ಮರಿ ಹೊರಬಂದಿರಬಹುದು. ಮೊಟ್ಟೆ ಎಣಿಸಲು ಗ್ಲಿಸರಿನ್ ಬಳಸಿ ಮಾಡುವ ಕೇಟೋ-ಕಾಟ್ಜ್ ಸ್ಲೈಡನ್ನಂತೂ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನೋಡಿ ಮುಗಿಸಬೇಕು, ಇಲ್ಲದಿದ್ದರೆ ಗ್ಲಿಸರಿನ್‌ಗೆ ಕೊಕ್ಕೆಹುಳುವಿನ ಮೊಟ್ಟೆ ಕಣ್ಣಿಗೇ ಕಾಣುವುದಿಲ್ಲ. ಡಬ್ಬಿ ತರಲು ನಾಚುವವರು ಬಹಳ. ಎಲ್ಲರೆದುರು ಕೂಗಿ ಹೇಳಬೇಡಿ, ಅಷ್ಟೇ.

ಹುಳಕ್ಕೆ ಕೊಡುವ ಮಾತ್ರೆ ಆಲ್ಬೆಂಡಜೋಲ್, 400 ಮಿ.ಗ್ರಾಂ. ಒಂದೇ ಡೋಸ್, ಮೊದಲ ಮೂರು ತಿಂಗಳು ಕಳೆದ ಮೇಲೆ, ಡಾಕ್ಟರು ಹೇಳಿದರೆ ಮಾತ್ರ. ಆದರೆ ಹುಳದ ಮಾತ್ರೆ ಕೊಟ್ಟರೆ ಮಗು ದಪ್ಪ ಆಗಿಬಿಡುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ನೇಪಾಳದಲ್ಲಿ 2004ರಲ್ಲಿ ಹೊರಬಂದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರ ಮಕ್ಕಳು ಸರಾಸರಿ 59 ಗ್ರಾಂ ಹೆಚ್ಚು ತೂಗಿದ್ದರು. ಉಗಾಂಡಾದ ಪ್ರಯೋಗದಲ್ಲಿ ತೂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕಬ್ಬಿಣದ ಮಾತ್ರೆ, ಊಟ ಜೊತೆಗೆ ಇರಲೇಬೇಕು. ಮಾತ್ರೆಯ ಬೆನ್ನಿಗೇ ಟೀ ಕುಡಿಯುವುದು ಬೇರೆ! ಅದು ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ.

ಹುಳದ ಮಾತ್ರೆ ಹೊಟ್ಟೆಯೊಳಗಿನ ಹುಳುವನ್ನು ಹೊರಹಾಕುತ್ತದೆ. ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮ ತೂರಿ ಬರುವ ಹೊಸ ಮರಿಯನ್ನು ತಡೆಯುವುದಿಲ್ಲ. ಹಾಗಾಗಿ ಈಗ ರಿಪೋರ್ಟ್ ಕೊಡುವಾಗ 'ತೋಟಕ್ಕೆ ಕಾಲಿಗೆ ಏನು ಹಾಕ್ಕೊಂಡು ಹೋಗ್ತೀರಿ, ಮನೆ ಹತ್ತಿರ ಶೌಚಾಲಯ ಇದೆಯಾ' ಅಂತ ಕೇಳುತ್ತೇನೆ. ಉತ್ತರವನ್ನು ರಿಪೋರ್ಟಿನ ಹಿಂದೆ ಬರೆದು ಆಶಾ ಕಾರ್ಯಕರ್ತೆಗೂ ತಿಳಿಸುತ್ತೇನೆ.